ಬೌಲಿಂಗ್ ಮಷಿನ್‌ಗೆ ಬ್ಯಾಟರಿ ಜೋಡಿಸುವುದು ಹೇಗೆ: ಲೆಕ್ಕ, ವೈರ್, ಫ್ಯೂಸ್, ಎಚ್ಚರಿಕೆ

ಮೈದಾನದಲ್ಲಿ ಪ್ಲಗ್ ಪಾಯಿಂಟ್ ಇಲ್ಲ, ಬೌಲಿಂಗ್ ಮಷಿನ್ (ತಿರುಗುವ ಚಕ್ರಗಳಿಂದ ಕ್ರಿಕೆಟ್ ಚೆಂಡು ಎಸೆಯುವ ಯಂತ್ರ) ಇದೆ, ಯಾವ ಬ್ಯಾಟರಿ ಹಾಕಬೇಕು? ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಅದರ ಬೆನ್ನಿಗೇ ಇನ್ನೂ ನಾಲ್ಕು: ಕಾರಿನ ಬ್ಯಾಟರಿ ಆಗುತ್ತಾ, ಇನ್ವರ್ಟರ್ ಬೇಕಾ, ಅರ್ಧ ಗಂಟೆಗೇ ಚೆಂಡಿನ ವೇಗ ಯಾಕೆ ಬೀಳುತ್ತೆ, ವೈರ್ ಬಿಸಿಯಾದ್ರೆ ಪರವಾಗಿಲ್ವಾ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲೇ ಬರೆಯುತ್ತೇನೆ. ಟೆನಿಸ್ ಬಾಲ್ ಮಷಿನ್, ಸ್ಕೋರ್‌ಬೋರ್ಡ್, ಚೆಂಡಿಗೆ ಗಾಳಿ ತುಂಬುವ ಪಂಪ್, ಎಲ್‌ಇಡಿ ದೀಪ ಇವಕ್ಕೂ ಇದೇ ಕ್ರಮ. ದೊಡ್ಡ ಮೋಟರ್ ಇರುವುದರಿಂದ ಬೌಲಿಂಗ್ ಮಷಿನ್ ಇವುಗಳಲ್ಲೆಲ್ಲ ಕಷ್ಟದ್ದು. ಅದನ್ನು ಸರಿಯಾಗಿ ಜೋಡಿಸಲು ಬಂದರೆ ಉಳಿದವು ಸುಲಭ.

ಶುರು ಮಾಡುವ ಮೊದಲು ಒಂದು ಮಾತು. 12 ವೋಲ್ಟ್ ಬ್ಯಾಟರಿಯ ಟರ್ಮಿನಲ್‌ಗಳನ್ನು ಒಣ ಕೈಯಲ್ಲಿ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಅದಕ್ಕೇ ಜನ ಅದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಆದರೆ ಅದೇ ಎರಡು ಟರ್ಮಿನಲ್‌ಗಳ ಮೇಲೆ ಒಂದು ಸ್ಪ್ಯಾನರ್ ಅಡ್ಡ ಬಿದ್ದರೆ ನೂರಾರು ಆಂಪಿಯರ್ ಕರೆಂಟ್ ಒಮ್ಮೆಲೇ ಹರಿಯುತ್ತದೆ, ಕಬ್ಬಿಣ ಕಾದು ಕೆಂಪಾಗಬಹುದು, ಅಲ್ಲಿ ತೆಳ್ಳಗಿನ ವೈರ್ ಇದ್ದರೆ ಅದರ ಹೊದಿಕೆಗೇ ಬೆಂಕಿ ಹತ್ತಿಕೊಳ್ಳುತ್ತದೆ. ಹೆದರಬೇಕಾದದ್ದು ಬೆಂಕಿಗೆ, ಸುಟ್ಟಗಾಯಕ್ಕೆ. ಕೆಳಗೆ ಬರುವ ಎಚ್ಚರಿಕೆಗಳಲ್ಲಿ ಮುಕ್ಕಾಲು ಪಾಲು ಇದಕ್ಕೇ ಸಂಬಂಧಪಟ್ಟವು.

ಐದು ಪದಗಳು ಗೊತ್ತಿದ್ದರೆ ಸಾಕು. ವೋಲ್ಟ್ ಅಂದರೆ ಕರೆಂಟನ್ನು ತಳ್ಳುವ ಒತ್ತಡ. ಆಂಪಿಯರ್ ಅಂದರೆ ಹರಿಯುತ್ತಿರುವ ಕರೆಂಟಿನ ಪ್ರಮಾಣ. ಎರಡನ್ನೂ ಗುಣಿಸಿದರೆ ವ್ಯಾಟ್. ಆಂಪಿಯರ್-ಅವರ್ ಅಂದರೆ ಬ್ಯಾಟರಿ ಎಷ್ಟು ಆಂಪಿಯರನ್ನು ಎಷ್ಟು ಗಂಟೆ ಕೊಡುತ್ತದೆ ಎಂಬ ಲೆಕ್ಕ, ಬ್ಯಾಟರಿ ಮೇಲೆ ಎಎಚ್ ಅಂತ ಬರೆದಿರುತ್ತದೆ. ಕೊನೆಯದು ಬಿಎಂಎಸ್, ಲಿಥಿಯಂ ಬ್ಯಾಟರಿಯ ಒಳಗೇ ಇರುವ ಕಾವಲು ಸರ್ಕ್ಯೂಟ್. ಕರೆಂಟ್ ಅಥವಾ ವೋಲ್ಟೇಜ್ ಮಿತಿ ಮೀರಿದರೆ ಅದು ಬ್ಯಾಟರಿಯನ್ನು ತಾನಾಗೇ ಆಫ್ ಮಾಡುತ್ತದೆ.

ಕೈಯಲ್ಲಿ ಇರಬೇಕಾದವು: ಬ್ಯಾಟರಿ, ಅದರ ಜಾತಿಗೆ ತಕ್ಕ ಚಾರ್ಜರ್, ಮಲ್ಟಿಮೀಟರ್, ಫ್ಯೂಸ್ ಮತ್ತು ಅದರ ಹೋಲ್ಡರ್, ದಪ್ಪ ತಾಮ್ರದ ವೈರ್, ಲಗ್‌ಗಳು (ಬೋಲ್ಟ್‌ಗೆ ಸಿಕ್ಕಿಸಲು ವೈರ್ ತುದಿಗೆ ಹಾಕುವ ಲೋಹದ ಉಂಗುರ), ಒಂದು ಜೊತೆ ಕನೆಕ್ಟರ್, ಬ್ಯಾಟರಿ ಇಡಲು ಪ್ಲಾಸ್ಟಿಕ್ ಪೆಟ್ಟಿಗೆ. ಮಲ್ಟಿಮೀಟರ್ ಬೇಡ ಅಂತ ಬಿಡಬೇಡಿ. ಅದಿಲ್ಲದಿದ್ದರೆ ಮುಂದಿನ ಅರ್ಧ ಕೆಲಸ ಬರೀ ಊಹೆ.

ಹಂತ 1: ಮಷಿನ್ ಮೇಲಿನ ಲೇಬಲ್ ಓದಿ

ಹಿಂಬದಿಯಲ್ಲೋ ಕೆಳಗೋ ಒಂದು ಲೇಬಲ್ ಇರುತ್ತದೆ. ಮೂರು ವಿಷಯ ಬರೆದುಕೊಳ್ಳಿ: ಎಷ್ಟು ವೋಲ್ಟ್, ಡಿಸಿಯೋ ಎಸಿಯೋ, ಎಷ್ಟು ಆಂಪಿಯರ್ ಅಥವಾ ವ್ಯಾಟ್. ಡಿಸಿ ಅಂದರೆ ಬ್ಯಾಟರಿಯಿಂದ ಬರುವ ಒಂದೇ ದಿಕ್ಕಿನ ಕರೆಂಟ್, ಎಸಿ ಅಂದರೆ ಗೋಡೆಯ ಸಾಕೆಟ್‌ನಿಂದ ಬರುವ ಕರೆಂಟ್.

12 ವೋಲ್ಟ್ ಡಿಸಿ ಅಂತ ಇದ್ದರೆ ನೇರವಾಗಿ ಬ್ಯಾಟರಿಯಿಂದ ಓಡಿಸಬಹುದು. 24 ವೋಲ್ಟ್ ಅಂತಿದ್ದರೆ ಒಂದೇ ಜಾತಿಯ, ಒಂದೇ ಸಾಮರ್ಥ್ಯದ, ಒಟ್ಟಿಗೇ ಕೊಂಡ ಎರಡು 12 ವೋಲ್ಟ್ ಬ್ಯಾಟರಿಗಳನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ ಬರುವಂತೆ ಜೋಡಿಸಬೇಕು. ಲಿಥಿಯಂ ಆದರೆ ಸೀರೀಸ್ ಮಾಡಬಹುದು ಅಂತ ಅದರ ಕೈಪಿಡಿಯಲ್ಲಿ ಇದೆಯಾ ನೋಡಿ. ಹಳೆಯದೊಂದು ಹೊಸದೊಂದು ಸೇರಿಸಿದರೆ ಹಳೆಯದು ಬೇಗ ಖಾಲಿಯಾಗಿ ಉಲ್ಟಾ ಚಾರ್ಜ್ ಆಗಲು ಶುರುವಾಗುತ್ತದೆ, ಅಲ್ಲಿಗೆ ಅದರ ಕಥೆ ಮುಗಿಯಿತು. ಬರೀ ಎಸಿ ಅಂತ ಬರೆದಿದ್ದರೆ ಇನ್ವರ್ಟರ್ ಬೇಕು. ಅದರ ವಿಷಯ ಆಮೇಲೆ ಹೇಳುತ್ತೇನೆ.

ಲೇಬಲ್‌ನಲ್ಲಿ ಇರುವುದು ಸಾಮಾನ್ಯವಾಗಿ ಓಡುತ್ತಿರುವಾಗಿನ ಕರೆಂಟ್. ಮೋಟರ್ ನಿಂತಲ್ಲಿಂದ ತಿರುಗಲು ಶುರುವಾಗುವ ಕ್ಷಣದಲ್ಲಿ ಅದರ ಮೂರರಿಂದ ಐದು ಪಟ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ ಎಳೆಯಬಹುದು. ಇದನ್ನು ಅಳೆಯಬೇಕು ಅಂದರೆ ಡಿಸಿ ಓದುವ ಕ್ಲ್ಯಾಂಪ್ ಮೀಟರ್, ಅಂದರೆ ವೈರ್ ಬಿಚ್ಚದೆ ಅದರ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್ ಬೇಕು. ಅಗ್ಗದ ಕ್ಲ್ಯಾಂಪ್ ಮೀಟರ್‌ಗಳಲ್ಲಿ ಬಹಳಷ್ಟು ಎಸಿ ಮಾತ್ರ ಓದುತ್ತವೆ, ಡಿಸಿ ವೈರ್‌ಗೆ ಹಿಡಿದರೆ ಸೊನ್ನೆ ತೋರಿಸುತ್ತವೆ. ಕೊಳ್ಳುವಾಗ ನೋಡಿಕೊಳ್ಳಿ.

ಹಂತ 2: ಎಷ್ಟು ದೊಡ್ಡ ಬ್ಯಾಟರಿ, ಲೆಕ್ಕ ಹಾಕಿ

ಮಷಿನ್ 15 ಆಂಪಿಯರ್ ಎಳೆಯುತ್ತದೆ, ಎರಡು ಗಂಟೆ ಪ್ರಾಕ್ಟೀಸ್ ಅಂದುಕೊಳ್ಳಿ. 15ನ್ನು 2ರಿಂದ ಗುಣಿಸಿದರೆ 30 ಆಂಪಿಯರ್-ಅವರ್. ಹಾಗಂತ 30 ಎಎಚ್ ಬ್ಯಾಟರಿ ತಂದರೆ ಸಾಲುವುದಿಲ್ಲ.

ಲೆಡ್ ಆಸಿಡ್ ಬ್ಯಾಟರಿಯನ್ನು (ಕಾರಿನಲ್ಲಿರುವಂತೆ ಸೀಸದ ಪ್ಲೇಟ್, ಆಸಿಡ್ ಇರುವಂಥದ್ದು) ಪ್ರತಿ ಸಲ ಪೂರ್ತಿ ಖಾಲಿ ಮಾಡಿದರೆ ಅದು ಬೇಗ ಸಾಯುತ್ತದೆ, ಅರ್ಧದಷ್ಟು ಬಳಸಿ ನಿಲ್ಲಿಸುವುದು ಒಳ್ಳೆಯದು. ಇನ್ನೊಂದು ವಿಷಯ ಅನೇಕರಿಗೆ ಗೊತ್ತಿಲ್ಲ. ಲೆಡ್ ಆಸಿಡ್ ಬ್ಯಾಟರಿ ಮೇಲೆ ಬರೆದ ಎಎಚ್ ಸಾಮಾನ್ಯವಾಗಿ 20 ಗಂಟೆ ನಿಧಾನವಾಗಿ ಖಾಲಿ ಮಾಡಿದಾಗ ಸಿಗುವ ಅಂಕಿ. ಎರಡು ಮೂರು ಗಂಟೆಯಲ್ಲಿ ಜೋರಾಗಿ ಎಳೆದರೆ ಅಷ್ಟು ಸಿಗುವುದೇ ಇಲ್ಲ. ಹಾಗಾಗಿ 30ಕ್ಕೆ ಎರಡು ಪಟ್ಟು 60, ಅದರ ಮೇಲೆ ಹಳೆಯದಾಗುವುದಕ್ಕೂ ಜೋರು ಎಳೆತಕ್ಕೂ ಕಾಲು ಭಾಗ ಸೇರಿಸಿ 75 ಎಎಚ್ ಇಟ್ಟುಕೊಳ್ಳಿ. ಲಿಥಿಯಂ ಬ್ಯಾಟರಿಗಳಲ್ಲೇ ಒಂದು ಜಾತಿಯಾದ ಲಿಥಿಯಂ ಐರನ್ ಫಾಸ್ಫೇಟ್ ಆದರೆ ಶೇಕಡ 80ರಷ್ಟು ಧೈರ್ಯವಾಗಿ ಬಳಸಬಹುದು, ಅದೇ ಕೆಲಸಕ್ಕೆ 45ರಿಂದ 50 ಎಎಚ್ ಸಾಕು.

ಲಿಥಿಯಂನಲ್ಲಿ ಎಎಚ್ ಜೊತೆಗೆ ಬಿಎಂಎಸ್ ಮಿತಿಯನ್ನೂ ನೋಡಿ. 15 ಆಂಪಿಯರ್ ಮಷಿನ್ ಶುರುವಾಗುವಾಗ 60 ಆಂಪಿಯರ್ ಕೇಳಬಹುದು. ಬಿಎಂಎಸ್ 30ಕ್ಕೇ ಆಫ್ ಮಾಡುವಂಥದ್ದಾದರೆ ಬ್ಯಾಟರಿ ತುಂಬಿದ್ದರೂ ಮಷಿನ್ ಏಳುವುದಿಲ್ಲ. "ಹೊಸ ಬ್ಯಾಟರಿ, ಆದ್ರೂ ಆನ್ ಆಗಲ್ಲ" ಅನ್ನುವ ದೂರಿಗೆ ಅನೇಕ ಸಲ ಕಾರಣ ಇದೇ.

ಹಂತ 3: ಯಾವ ಜಾತಿಯ ಬ್ಯಾಟರಿ

ಕಾರಿನ ಬ್ಯಾಟರಿ ಆಗುತ್ತಾ? ಮಷಿನ್ ಓಡುತ್ತದೆ, ನಿಜ. ಆದರೆ ಕಾರಿನ ಬ್ಯಾಟರಿ ಮಾಡಿರುವುದು ಎಂಜಿನ್ ಸ್ಟಾರ್ಟ್ ಮಾಡಲು, ಕೆಲವೇ ಸೆಕೆಂಡು ತುಂಬಾ ಕರೆಂಟ್ ಕೊಟ್ಟು ಸುಮ್ಮನಾಗಲು. ಅದರೊಳಗಿನ ಪ್ಲೇಟ್‌ಗಳು ತೆಳ್ಳಗೆ. ಗಂಟೆಗಟ್ಟಲೆ ಎಳೆದು ಖಾಲಿ ಮಾಡುತ್ತಾ ಹೋದರೆ ಬೇಗ ಹಾಳಾಗುತ್ತದೆ. ಓಡಾಡುವ ಕಾರಿನ ಬ್ಯಾಟರಿಯನ್ನೇ ಬಳಸಿದರಂತೂ ವಾಪಸ್ ಹೊರಡುವಾಗ ಕಾರೇ ಸ್ಟಾರ್ಟ್ ಆಗದೆ ಇರಬಹುದು. ಕಾರಿನ ಸಿಗರೇಟ್ ಲೈಟರ್ ಸಾಕೆಟ್ ಕೂಡ ಬೇಡ, ಅದರ ಫ್ಯೂಸ್ ಹೆಚ್ಚಾಗಿ 10ರಿಂದ 15 ಆಂಪಿಯರ್‌ನದು. ಸಣ್ಣ ಪಂಪ್‌ಗೆ ಸರಿ, ಬೌಲಿಂಗ್ ಮಷಿನ್‌ಗೆ ಅಲ್ಲ.

ಲೆಡ್ ಆಸಿಡ್‌ನಲ್ಲಿ ತೆಗೆದುಕೊಳ್ಳುವುದಾದರೆ ಡೀಪ್ ಸೈಕಲ್ ಅಂತ ಕೇಳಿ, ಅಂದರೆ ಆಳವಾಗಿ ಖಾಲಿಯಾಗಿ ಮತ್ತೆ ತುಂಬುವುದನ್ನು ತಾಳುವಂಥದ್ದು. ಅದರಲ್ಲೂ ಸೀಲ್ ಮಾಡಿದ ಎಜಿಎಂ ಒಳ್ಳೆಯದು, ಅದರಲ್ಲಿ ಆಸಿಡನ್ನು ಗಾಜಿನ ನಾರಿನ ಹಾಸು ಹೀರಿಕೊಂಡಿರುತ್ತದೆ, ಸಾಗಿಸುವಾಗ ಸ್ವಲ್ಪ ವಾಲಿದರೂ ಆಸಿಡ್ ಚೆಲ್ಲುವುದಿಲ್ಲ. ನೀರು ಹಾಕುವ ಬ್ಯಾಟರಿ ಮೈದಾನಕ್ಕೆ ತರಲೇಬೇಡಿ, ಚೆಂಡು ಬಡಿದು ಉರುಳಿದರೆ ಆಸಿಡ್ ಹೊರಗೆ ಬರುತ್ತದೆ. ಆಸಿಡ್ ಕಣ್ಣಿಗೋ ಚರ್ಮಕ್ಕೋ ತಾಗಿದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು, ಕಣ್ಣಾದರೆ ತೊಳೆದ ಮೇಲೆ ಡಾಕ್ಟರ್ ಹತ್ತಿರ ಹೋಗಲೇಬೇಕು.

ನನ್ನನ್ನು ಕೇಳಿದರೆ, ವಾರಕ್ಕೆ ಎರಡು ಮೂರು ಸಲ ಬಳಸುವವರಿಗೆ ಲಿಥಿಯಂ ಐರನ್ ಫಾಸ್ಫೇಟ್ ಅನ್ನೇ ಹೇಳುತ್ತೇನೆ. ತೂಕ ನೋಡಿ: 75 ಎಎಚ್ ಲೆಡ್ ಆಸಿಡ್ 20 ಕಿಲೋ ದಾಟುತ್ತದೆ, 50 ಎಎಚ್ ಲಿಥಿಯಂ ಅದರ ಮೂರನೇ ಒಂದು ಭಾಗದಷ್ಟೂ ಇರುವುದಿಲ್ಲ. ಬೇರೆ ಲಿಥಿಯಂ ಜಾತಿಗಳಿಗೆ ಹೋಲಿಸಿದರೆ ಇದು ಬೆಂಕಿ ಹಿಡಿಯುವುದೂ ಕಡಿಮೆ. ಆದರೆ ಬಿಡಿ ಸೆಲ್‌ಗಳನ್ನು ತಂದು ಮನೆಯಲ್ಲೇ ಪ್ಯಾಕ್ ಕಟ್ಟುವ ಕೆಲಸ, ಹಳೆಯ ಲ್ಯಾಪ್‌ಟಾಪ್ ಸೆಲ್ ಬಿಚ್ಚಿ ಜೋಡಿಸುವ ಕೆಲಸ ದಯವಿಟ್ಟು ಬೇಡ. ಸುತ್ತ ಮಕ್ಕಳು ಓಡಾಡುವ ಜಾಗ ಅದು.

ಹಂತ 4: ವೈರ್

ಹೆಚ್ಚು ಜನ ಎಡವುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ.

ಮನೆಯ 230 ವೋಲ್ಟ್‌ನಲ್ಲಿ 180 ವ್ಯಾಟ್ ಅಂದರೆ ಒಂದು ಆಂಪಿಯರ್‌ಗೂ ಕಡಿಮೆ. 12 ವೋಲ್ಟ್‌ನಲ್ಲಿ ಅದೇ 180 ವ್ಯಾಟ್‌ಗೆ 15 ಆಂಪಿಯರ್ ಬೇಕು. ಮನೆಯಲ್ಲಿ ಬಿದ್ದಿರುವ ತೆಳು ವೈರ್ ಇಲ್ಲಿ ಬಿಸಿಯಾಗುವುದು ಇದಕ್ಕೇ. ಬಿಸಿಯಾಗುವುದಷ್ಟೇ ಅಲ್ಲ, ದಾರಿಯಲ್ಲೇ ವೋಲ್ಟೇಜ್ ಕಳೆದುಹೋಗುತ್ತದೆ. ಬ್ಯಾಟರಿಯಿಂದ ಮಷಿನ್‌ಗೆ 3 ಮೀಟರ್ ಅಂದರೆ ಹೋಗಿ ಬರಲು 6 ಮೀಟರ್ ತಾಮ್ರ. 15 ಆಂಪಿಯರ್ ಹರಿಯುವಾಗ 1.5 ಸ್ಕ್ವೇರ್ ಎಂಎಂ ವೈರ್‌ನಲ್ಲಿ ಸುಮಾರು 1.1 ವೋಲ್ಟ್ ಹೋಗುತ್ತದೆ, 2.5ರಲ್ಲಿ ಸುಮಾರು 0.7, 6ರಲ್ಲಿ 0.3ಕ್ಕಿಂತ ಸ್ವಲ್ಪ ಕಡಿಮೆ. ಮೋಟರ್ ಶುರುವಾಗುವಾಗ 60 ಆಂಪಿಯರ್ ಕೇಳಿದರೆ ಆ 1.5ರ ವೈರ್‌ನಲ್ಲಿ 4 ವೋಲ್ಟ್‌ಗಿಂತ ಜಾಸ್ತಿ ಮಾಯ. ಮಷಿನ್‌ಗೆ ಉಳಿಯುವುದು 8 ವೋಲ್ಟ್ ಆಸುಪಾಸು, ಅಷ್ಟರಲ್ಲಿ ಅದರ ಕಂಟ್ರೋಲರ್ (ಮೋಟರ್ ವೇಗ ನಿಯಂತ್ರಿಸುವ ಸರ್ಕ್ಯೂಟ್) ರೀಸೆಟ್ ಆಗುತ್ತದೆ ಅಥವಾ ಮೋಟರ್ ಗುಂಯ್ ಅಂತ ನಿಂತುಬಿಡುತ್ತದೆ.

ಹಾಗಾಗಿ ಈ ಲೆಕ್ಕಕ್ಕೆ 6 ಸ್ಕ್ವೇರ್ ಎಂಎಂ, ಸಣ್ಣ ಎಳೆಗಳಿಂದ ಹೆಣೆದ, ಸುಲಭವಾಗಿ ಬಾಗುವ ವೈರ್ ತೆಗೆದುಕೊಳ್ಳಿ. ಗೋಡೆಯೊಳಗೆ ಹಾಕುವ ಒಂಟಿ ಎಳೆಯ ವೈರ್ ಬೇಡ, ಪದೇ ಪದೇ ಸುತ್ತಿ ಬಿಚ್ಚಿದರೆ ಒಳಗೇ ತುಂಡಾಗುತ್ತದೆ. ಅಲ್ಯೂಮಿನಿಯಂಗೆ ತಾಮ್ರದ ಲೇಪ ಕೊಟ್ಟ ವೈರ್ ಕೂಡ ಮಾರುಕಟ್ಟೆಯಲ್ಲಿದೆ, ನೋಡಲು ತಾಮ್ರದಂತೆಯೇ ಇರುತ್ತದೆ, ಅದೇ ದಪ್ಪಕ್ಕೆ ಜಾಸ್ತಿ ಬಿಸಿಯಾಗುತ್ತದೆ. ತುದಿಯನ್ನು ಚಾಕುವಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಬಿಡಿ. ತಾಮ್ರಕ್ಕೆ ತವರದ ಲೇಪ ಇರುವ ಒಳ್ಳೆಯ ವೈರ್ ಇದಕ್ಕೆ ಉಲ್ಟಾ, ಹೊರಗೆ ಬೆಳ್ಳಗೆ ಕಂಡರೂ ಕೆರೆದರೆ ಒಳಗೆ ಕೆಂಪಗಿರುತ್ತದೆ.

ಉದ್ದ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಬ್ಯಾಟರಿಯನ್ನು ಮಷಿನ್ ಹತ್ತಿರವೇ ತನ್ನಿ, ವೈರನ್ನು ಉದ್ದ ಮಾಡಬೇಡಿ.

ಹಂತ 5: ಫ್ಯೂಸ್, ಬ್ಯಾಟರಿಯ ಪಕ್ಕದಲ್ಲೇ

ಫ್ಯೂಸ್ ಇರುವುದು ಮಷಿನ್ ಕಾಪಾಡಲು ಅಂತ ಬಹಳ ಜನ ತಿಳಿದಿದ್ದಾರೆ. ಅದು ಮುಖ್ಯವಾಗಿ ಕಾಪಾಡುವುದು ವೈರನ್ನು. ಹಾಗಾಗಿ ಅದರ ಜಾಗ ಬ್ಯಾಟರಿಯ ಪ್ಲಸ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ. ಫ್ಯೂಸ್ ಮಷಿನ್ ಕಡೆ ಇದ್ದು ಮಧ್ಯದ 3 ಮೀಟರ್ ವೈರನ್ನು ಯಾರದೋ ಸ್ಪೈಕ್ ಶೂ ಚುಚ್ಚಿದರೆ, ಆ ಶಾರ್ಟ್ ಫ್ಯೂಸ್‌ವರೆಗೆ ಹೋಗುವುದೇ ಇಲ್ಲ. ಫ್ಯೂಸ್ ಹಾಗೇ ಇರುತ್ತದೆ, ವೈರ್ ಉರಿಯುತ್ತದೆ.

ಅಳತೆ: ಓಡುವ ಕರೆಂಟಿನ ಒಂದೂಕಾಲು ಪಟ್ಟಿನಿಂದ ಶುರು ಮಾಡಿ. 15ಕ್ಕೆ 20 ಆಂಪಿಯರ್. ಶುರುವಾಗುವಾಗಲೇ ಹಾರಿಹೋದರೆ ಮೊದಲು ವೇಗದ ನಾಬನ್ನು ಸೊನ್ನೆಗೆ ಇಳಿಸಿ ಆನ್ ಮಾಡಿ, ಆಮೇಲೆ ನಿಧಾನವಾಗಿ ಏರಿಸಿ. ಬಹಳಷ್ಟು ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆದರೂ ಹಾರಿದರೆ 25 ಅಥವಾ 30ಕ್ಕೆ ಹೋಗಬಹುದು, 6 ಸ್ಕ್ವೇರ್ ಎಂಎಂ ತಾಮ್ರ ಅಷ್ಟನ್ನು ತಾಳುತ್ತದೆ. ಅದಕ್ಕಿಂತ ಮೇಲೆ ಹೋಗಬೇಡಿ. ಎಲ್ಲೋ ಮೋಟರ್ ಬಿಗಿಯಾಗಿದೆ ಅಥವಾ ಶಾರ್ಟ್ ಇದೆ ಅಂತ ಅರ್ಥ, ಅದನ್ನು ಹುಡುಕಿ. ಹಾರಿದ ಫ್ಯೂಸ್ ಜಾಗಕ್ಕೆ ವೈರ್ ತುಂಡು ಸುತ್ತುವುದು, ಬೆಳ್ಳಿ ಕಾಗದ ಸುತ್ತುವುದು ಬೇಡವೇ ಬೇಡ.

ಗಾಡಿಗಳಲ್ಲಿ ಬರುವ ಬ್ಲೇಡ್ ಫ್ಯೂಸ್ ಬಳಸಿ, ಅದು ಡಿಸಿಗೆ ಅಂತಲೇ ಮಾಡಿದ್ದು, ಸಾಮಾನ್ಯವಾಗಿ 32 ವೋಲ್ಟ್‌ವರೆಗೆ. ಮನೆಯ ಎಸಿ ಫ್ಯೂಸ್, ಮನೆಯ ಸ್ವಿಚ್ ಇಲ್ಲಿಗೆ ಹೊಂದುವುದಿಲ್ಲ. ಎಸಿ ಕರೆಂಟ್ ಪ್ರತಿ ಸೆಕೆಂಡಿಗೆ ಎಷ್ಟೋ ಸಲ ಸೊನ್ನೆಗೆ ಬಂದು ಹೋಗುವುದರಿಂದ ಸ್ವಿಚ್‌ನೊಳಗಿನ ಕಿಡಿ ತಾನಾಗೇ ಆರುತ್ತದೆ, ಡಿಸಿಯಲ್ಲಿ ಆ ಸೊನ್ನೆ ಇಲ್ಲ, ಕಿಡಿ ಎಳೆದುಕೊಂಡು ಉರಿದು ಸ್ವಿಚ್‌ನ ಒಳಭಾಗ ಕರಗಬಹುದು. ಡಿಸಿ ಆಂಪಿಯರ್ ಬರೆದಿರುವ ಸ್ವಿಚ್ಚನ್ನೇ ಹಾಕಿ.

ಹಂತ 6: ಕನೆಕ್ಟರ್ ಮತ್ತು ಪೆಟ್ಟಿಗೆ

ಮೊಸಳೆ ಕ್ಲಿಪ್ ಹಾಕಿ ಓಡಿಸುವವರು ಜಾಸ್ತಿ. ಮಷಿನ್ ಅದುರುತ್ತದೆ, ಕ್ಲಿಪ್ ಸಡಿಲವಾಗುತ್ತದೆ, ಒಂದು ಜಾರಿ ಇನ್ನೊಂದಕ್ಕೆ ತಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಸಂಜೆ ಮಬ್ಬಿನಲ್ಲಿ ಪ್ಲಸ್ ಮೈನಸ್ ಅದಲುಬದಲು ಹಾಕುವುದು. ಒಂದು ಕ್ಷಣ ಉಲ್ಟಾ ತಾಗಿದರೂ ಕಂಟ್ರೋಲರ್ ಸುಡಬಹುದು. ಉಲ್ಟಾ ಹಾಕಲು ಆಗದಂಥ 50 ಆಂಪಿಯರ್ ಆಂಡರ್ಸನ್ ಕನೆಕ್ಟರ್ ಬಳಸಿ. ಬ್ಯಾಟರಿ ಕಡೆ ಲಗ್ ಹಾಕಿ ಬೋಲ್ಟ್ ಬಿಗಿ ಮಾಡಿ, ಲಗ್ಗನ್ನು ಸರಿಯಾದ ಕ್ರಿಂಪಿಂಗ್ ಟೂಲ್‌ನಿಂದ ಒತ್ತಿಸಿ. ಇಕ್ಕಳದಲ್ಲಿ ಚಪ್ಪಟೆ ಮಾಡಿದ ಲಗ್ ಕೆಲವು ದಿನ ನಡೆದು ಆಮೇಲೆ ಬಿಸಿಯಾಗಲು ಶುರುವಾಗುತ್ತದೆ. ಟೂಲ್ ಇಲ್ಲದಿದ್ದರೆ ಈ ಒಂದು ಕೆಲಸವನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ.

ಬೋಲ್ಟ್ ಬಿಗಿ ಮಾಡುವಾಗ ಉಂಗುರ, ವಾಚ್, ಬಳೆ ತೆಗೆದಿಡಿ. ಸ್ಪ್ಯಾನರ್‌ನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಬ್ಯಾಟರಿಯನ್ನು ಪೆಟ್ಟಿಗೆಯೊಳಗೆ ಅಲುಗಾಡದಂತೆ ಕೂರಿಸಿ, ಟರ್ಮಿನಲ್‌ಗಳಿಗೆ ರಬ್ಬರ್ ಮುಚ್ಚಳ ಹಾಕಿ. ಲೆಡ್ ಆಸಿಡ್ ಆದರೆ ಪೆಟ್ಟಿಗೆಗೆ ಗಾಳಿ ಕಿಂಡಿ ಇರಬೇಕು. ಕಿಟ್ ಬ್ಯಾಗ್ ಜೊತೆ ಬ್ಯಾಟರಿಯನ್ನು ಬಿಡಿಯಾಗಿ ತುಂಬಬೇಡಿ, ಕಬ್ಬಿಣದ ಸ್ಟಂಪ್ ಒಂದು ಟರ್ಮಿನಲ್‌ಗಳಿಗೆ ಅಡ್ಡ ಬಿದ್ದರೆ ಸಾಕು.

ಎಸಿ ಮಷಿನ್ ಇದ್ದವರಿಗೆ: ಇನ್ವರ್ಟರ್

ಇನ್ವರ್ಟರ್ ಅಂದರೆ ಡಿಸಿಯನ್ನು ಎಸಿ ಮಾಡುವ ಪೆಟ್ಟಿಗೆ. ಬದಲಾಯಿಸುವಾಗ ಶೇಕಡ 10ರಿಂದ 15ರಷ್ಟು ಶಕ್ತಿ ಶಾಖವಾಗಿ ಹೋಗುತ್ತದೆ, ಹಾಗಾಗಿ ಬ್ಯಾಟರಿ ಲೆಕ್ಕಕ್ಕೆ ಅಷ್ಟು ಸೇರಿಸಿ. ಪ್ಯೂರ್ ಸೈನ್ ವೇವ್ ಇನ್ವರ್ಟರ್, ಅಂದರೆ ಗೋಡೆಯ ಸಾಕೆಟ್‌ನಂತೆ ನಯವಾದ ಅಲೆಯ ಕರೆಂಟ್ ಕೊಡುವಂಥದ್ದು ತೆಗೆದುಕೊಳ್ಳಿ, ಅಗ್ಗದ ಮಾಡಿಫೈಡ್ ಸೈನ್ ವೇವ್‌ನಲ್ಲಿ ಎಸಿ ಮೋಟರ್‌ಗಳು ಬಿಸಿಯಾಗುತ್ತವೆ, ಗುಂಯ್‌ಗುಡುತ್ತವೆ. ವ್ಯಾಟ್ ಆಯ್ಕೆ ಮಾಡುವಾಗ ಮೋಟರ್ ಶುರುವಾಗುವಾಗಿನ ಎಳೆತವನ್ನು ನೋಡಿ. ಬ್ಯಾಟರಿ, ಇನ್ವರ್ಟರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ ಬರುವ ರೆಡಿಮೇಡ್ ಪವರ್ ಸ್ಟೇಷನ್‌ಗಳಿಗೂ ಇದೇ ಮಾತು.

ಇಲ್ಲಿಂದ ಮುಂದೆ ಶಾಕ್ ಅಪಾಯವೂ ಸೇರಿಕೊಳ್ಳುತ್ತದೆ, ಇದು 230 ವೋಲ್ಟ್. ಒದ್ದೆ ಹುಲ್ಲಿನ ಮೇಲೆ ಎಕ್ಸ್‌ಟೆನ್ಷನ್ ಬೋರ್ಡ್ ಇಡಬೇಡಿ. ಇನ್ವರ್ಟರನ್ನು ಒಣಗಿದ ಎತ್ತರದ ಜಾಗದಲ್ಲಿ, ಬ್ಯಾಟರಿಗೆ ತೀರಾ ಹತ್ತಿರದಲ್ಲಿಡಿ. ಮಳೆ ಹನಿ ಬಿದ್ದ ಕೂಡಲೇ ಆಟ ನಿಲ್ಲಿಸಿ. ಮಷಿನ್‌ಗೆ 12 ವೋಲ್ಟ್ ಇನ್‌ಪುಟ್ ಕೂಡ ಇದ್ದರೆ ಇನ್ವರ್ಟರ್ ಗೊಡವೆಗೇ ಹೋಗಬೇಡಿ.

ಹಂತ 7: ಮೈದಾನದಲ್ಲಿ ಜೋಡಿಸುವ ಕ್ರಮ

ಬ್ಯಾಟರಿ ಮಷಿನ್‌ನ ಹಿಂದೆ, ಹೊಡೆದ ಚೆಂಡು ನೇರವಾಗಿ ಬಡಿಯದ ಕಡೆ, ನೆರಳಿನಲ್ಲಿರಲಿ. ವೈರ್ ಮೇಲೆ ಯಾರೂ ಓಡಾಡದಂತೆ ನೋಡಿಕೊಳ್ಳಿ. ಮಷಿನ್ ಸ್ವಿಚ್ ಆಫ್, ನಾಬ್ ಸೊನ್ನೆ, ಆಮೇಲೆ ಕನೆಕ್ಟರ್ ಹಾಕಿ, ಆಮೇಲೆ ಆನ್. ಬಿಚ್ಚುವಾಗ ಮೊದಲು ಆಫ್, ಚಕ್ರಗಳು ಪೂರ್ತಿ ನಿಲ್ಲುವವರೆಗೆ ಕಾಯಿರಿ, ಆಫ್ ಮಾಡಿದ ಮೇಲೂ ಅವು ಸಾಕಷ್ಟು ಹೊತ್ತು ತಿರುಗುತ್ತವೆ. ಆಮೇಲೆ ಕನೆಕ್ಟರ್ ಎಳೆಯಿರಿ.

ಮೊದಲ ದಿನ ಒಂದು ಪರೀಕ್ಷೆ ಮಾಡಿ. ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್‌ಗಳಲ್ಲಿ ಎಷ್ಟು ವೋಲ್ಟ್, ಮಷಿನ್‌ನ ವೈರ್ ತುದಿಯಲ್ಲಿ ಎಷ್ಟು ವೋಲ್ಟ್ ಅಂತ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟ್‌ಗಿಂತ ಜಾಸ್ತಿ ಇದ್ದರೆ ವೈರ್ ತೆಳು ಅಥವಾ ಎಲ್ಲೋ ಜೋಡಣೆ ಸಡಿಲ. ಹತ್ತು ಹದಿನೈದು ನಿಮಿಷ ಓಡಿಸಿ, ಆಫ್ ಮಾಡಿ, ಪ್ರತಿ ಜೋಡಣೆಯನ್ನೂ ಮುಟ್ಟಿ ನೋಡಿ. ಉಳಿದ ವೈರ್‌ಗಿಂತ ಎಲ್ಲಿ ಬಿಸಿಯಿದೆಯೋ ತೊಂದರೆ ಅಲ್ಲೇ ಇದೆ.

ಹಂತ 8: ಓಡುವಾಗ ಗಮನಿಸಬೇಕಾದದ್ದು

ಲೆಡ್ ಆಸಿಡ್ ಬ್ಯಾಟರಿ ತುಂಬಿದ್ದಾಗ, ಸ್ವಲ್ಪ ಹೊತ್ತು ಸುಮ್ನೆ ಬಿಟ್ಟು ಅಳೆದರೆ, 12.7 ವೋಲ್ಟ್ ಆಸುಪಾಸು ತೋರಿಸುತ್ತದೆ. ಅರ್ಧಕ್ಕೆ ಸುಮಾರು 12.2. ಓಡುತ್ತಿರುವಾಗಲೇ 11.5ಕ್ಕೆ ಇಳಿದರೆ ಅವತ್ತಿಗೆ ಸಾಕು. ಇನ್ವರ್ಟರ್ ತಾನೇ ಆಫ್ ಆಗುತ್ತದೆ ಅಂತ ಕಾಯಬೇಡಿ, ಹಲವು ಇನ್ವರ್ಟರ್‌ಗಳು 10.5ವರೆಗೂ ಎಳೆಯುತ್ತವೆ. ಲಿಥಿಯಂ ಐರನ್ ಫಾಸ್ಫೇಟ್‌ನಲ್ಲಿ ಈ ಅಳತೆ ನಡೆಯುವುದಿಲ್ಲ. ಅದರ ವೋಲ್ಟೇಜ್ 13ರ ಆಸುಪಾಸಿನಲ್ಲೇ ಬಹಳ ಹೊತ್ತು ನಿಂತು ಕೊನೆಗೆ ಒಮ್ಮೆಲೇ ಬೀಳುತ್ತದೆ. ಹಾಗಾಗಿ ಬ್ಯಾಟರಿಯಿಂದ ಹೊರಗೆ ಹೋದ ಕರೆಂಟನ್ನು ಎಣಿಸುವ ಬ್ಯಾಟರಿ ಮಾನಿಟರ್ ಹಾಕಿ, ಇಲ್ಲವೇ ಗಡಿಯಾರ ನೋಡಿ ನಿಲ್ಲಿಸಿ.

ಇನ್ನೊಂದನ್ನು ಕೋಚ್‌ಗಳೂ ಗಮನಿಸುವುದಿಲ್ಲ. ಬ್ಯಾಟರಿ ಇಳಿದಂತೆ ಚೆಂಡಿನ ವೇಗ ಬೀಳುತ್ತದೆ, ಆಗ ನಾಬ್ ತಿರುಗಿಸಿ ವೇಗ ಸರಿಮಾಡುತ್ತಾರೆ. ಆಮೇಲೆ ಬ್ಯಾಟರಿ ಬದಲಾಯಿಸಿ, ನಾಬ್ ಅಲ್ಲೇ ಬಿಟ್ಟು ಆನ್ ಮಾಡುತ್ತಾರೆ. ಮೊದಲ ಚೆಂಡೇ ಬ್ಯಾಟ್ ಮಾಡುವವರ ನಿರೀಕ್ಷೆಗಿಂತ ಜೋರಾಗಿ ಬರುತ್ತದೆ. ಬ್ಯಾಟರಿ ಬದಲಾಯಿಸಿದಾಗಲೆಲ್ಲ ನಾಬ್ ಸೊನ್ನೆಗೆ ತನ್ನಿ, ಮೊದಲ ಕೆಲವು ಚೆಂಡುಗಳನ್ನು ಎದುರಿಗೆ ಯಾರೂ ಇಲ್ಲದೆ ಖಾಲಿ ನೆಟ್‌ಗೆ ಬಿಡಿ. ಎರಡು ಚಕ್ರದ ಮಷಿನ್‌ನಲ್ಲಿ ವೋಲ್ಟೇಜ್ ಕಡಿಮೆಯಾದಾಗ ಚಕ್ರಗಳ ವೇಗ ಸಮವಾಗಿ ಬೀಳದೆ ಚೆಂಡು ದಿಕ್ಕು ತಪ್ಪಲೂಬಹುದು.

ಹಂತ 9: ಚಾರ್ಜ್ ಮಾಡುವುದು, ಎತ್ತಿಡುವುದು

ಚಾರ್ಜರ್ ಬ್ಯಾಟರಿಯ ಜಾತಿಗೆ ಹೊಂದಬೇಕು. ಲೆಡ್ ಆಸಿಡ್ ಚಾರ್ಜರ್‌ನ ಡಿಸಲ್ಫೇಷನ್ ಮೋಡ್ (ಪ್ಲೇಟ್ ಮೇಲೆ ಕಟ್ಟಿದ ಗಟ್ಟಿ ಪದರ ಬಿಡಿಸಲು ಇರುವುದು) ಜಾಸ್ತಿ ವೋಲ್ಟೇಜ್ ಬಿಡುತ್ತದೆ, ಅದು ಲಿಥಿಯಂಗೆ ಆಗಿಬರುವುದಿಲ್ಲ. ಲೆಡ್ ಆಸಿಡ್‌ಗೆ ಚಾರ್ಜರ್ ಆಂಪಿಯರ್ ಬ್ಯಾಟರಿಯ ಎಎಚ್‌ನ ಹತ್ತನೇ ಒಂದರಿಂದ ಐದನೇ ಒಂದು ಭಾಗ ಇರಲಿ. ಮಷಿನ್ ಓಡುತ್ತಿರುವಾಗಲೇ ಚಾರ್ಜರ್ ಸಿಕ್ಕಿಸಬೇಡಿ, ಮೋಟರ್ ಎಳೆತದಿಂದ ಚಾರ್ಜರ್ ಲೆಕ್ಕ ತಪ್ಪುತ್ತದೆ.

ಲೆಡ್ ಆಸಿಡ್ ಚಾರ್ಜ್ ಆಗುವಾಗ ಹೈಡ್ರೋಜನ್ ಗ್ಯಾಸ್ ಬರಬಹುದು. ಗಾಳಿಯಲ್ಲಿ ಅದು ಶೇಕಡ 4 ಸೇರಿದರೆ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಗಾಳಿ ಆಡುವ ಜಾಗದಲ್ಲೇ ಇಟ್ಟು ಚಾರ್ಜ್ ಮಾಡಿ, ಮಲಗುವ ಕೋಣೆಯಲ್ಲಂತೂ ಬೇಡ. ಆಟ ಮುಗಿದ ದಿನವೇ ಚಾರ್ಜ್‌ಗೆ ಹಾಕಿ, ಖಾಲಿ ಬಿಟ್ಟಷ್ಟೂ ಪ್ಲೇಟ್ ಮೇಲೆ ಗಟ್ಟಿ ಪದರ ಕಟ್ಟುತ್ತದೆ. ಲಿಥಿಯಂ ಆದರೆ ತಣ್ಣಗಾದ ಮೇಲೆ ಚಾರ್ಜ್ ಮಾಡಿ, ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಲೇಬಾರದು. ತಿಂಗಳುಗಟ್ಟಲೆ ಎತ್ತಿಡುವುದಾದರೆ ಲೆಡ್ ಆಸಿಡ್ ತುಂಬಿರಲಿ, ಲಿಥಿಯಂ ಅರ್ಧಕ್ಕಿರಲಿ. ಎರಡನ್ನೂ ಮಷಿನ್‌ನಿಂದ ಬಿಚ್ಚಿಯೇ ಇಡಿ.

ಟೀಮ್ ಜೊತೆ ವಿಮಾನದಲ್ಲಿ ಹೋಗುವವರು ಗಮನಿಸಿ: 160 ವ್ಯಾಟ್-ಅವರ್ ಮೀರಿದ ಬಿಡಿ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರ ಬ್ಯಾಗಿನಲ್ಲಿ ಒಯ್ಯಲು ಬಿಡುವುದಿಲ್ಲ, 50 ಎಎಚ್‌ನದು 600 ದಾಟುತ್ತದೆ. ಅಲ್ಲಿ ಹೋದ ಮೇಲೆ ಬೇರೆ ಬ್ಯಾಟರಿಗೆ ವ್ಯವಸ್ಥೆ ಮಾಡಿಕೊಳ್ಳಿ.

ಬ್ಯಾಟರಿ ಉಬ್ಬಿದೆ, ಸುಮ್ಮನಿದ್ದಾಗಲೂ ಬಿಸಿಯಿದೆ, ಸಿಹಿ ವಾಸನೆ ಅಥವಾ ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆ, ಪೆಟ್ಟಿಗೆ ಒಡೆದಿದೆ, ಇವುಗಳಲ್ಲಿ ಒಂದು ಕಂಡರೂ ಚಾರ್ಜ್ ಮಾಡಬೇಡಿ, ಓಡಿಸಬೇಡಿ. ತೊಂದರೆಯಿಲ್ಲದೆ ಎತ್ತಲು ಆಗುವಂತಿದ್ದರೆ ಮಾತ್ರ ಹೊರಗೆ, ಸುಡುವ ವಸ್ತು ಇಲ್ಲದ ಕಡೆ ಇಟ್ಟು, ಬ್ಯಾಟರಿ ಮಾರುವ ಅಥವಾ ಮರುಬಳಕೆ ಮಾಡುವವರಿಗೆ ಒಪ್ಪಿಸಿ. ಲಿಥಿಯಂ ಬ್ಯಾಟರಿಯಿಂದ ಹೊಗೆ ಬರಲು ಶುರುವಾದರೆ ಎತ್ತಲು ಹೋಗಬೇಡಿ. ಆ ಹೊಗೆ ವಿಷ. ಮಕ್ಕಳನ್ನೆಲ್ಲ ಗಾಳಿ ಬರುವ ದಿಕ್ಕಿಗೆ ದೂರ ಕರೆದುಕೊಂಡು ಹೋಗಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ, ಉರಿಯುತ್ತಿರುವುದು ಲಿಥಿಯಂ ಬ್ಯಾಟರಿ ಅಂತ ಮೊದಲೇ ಹೇಳಿ.